ಸಿಮೆಂಟು: ಕಲ್ಲಿನ ಚಕ್ಕೆಯಿಂದ ದವಡೆ ಹಲ್ಲಿನವರೆಗೆ

ಹಲ್ಲಿನ ಡಾಕ್ಟರ ಹತ್ತಿರ ಹೋಗಿಬಂದವರನ್ನು ಏನು ಮಾಡಿದರು ಎಂದು ಕೇಳಿ ನೋಡಿ. ಬೆಂಗಳೂರಿನವರಾಗಲಿ ಬಾಗಲಕೋಟೆಯವರಾಗಲಿ, ಬಹುಮಂದಿ ಹೇಳುವುದು ಒಂದೇ ಮಾತು: ‘ಹಲ್ಲು ಹುಳುಕಾಗಿತ್ತು, ಸಿಮೆಂಟು ಹಾಕಿದ್ರು.’ ಕೆಲವು ದಿನಗಳ ಮೇಲೆ ಅದು ಕಿತ್ತು ಬಂದರೂ ಮಾತು ಅದೇ: ‘ಡಾಕ್ಟ್ರೇ, ಸಿಮೆಂಟು ಬಿದ್ಹೋಯ್ತು.’ ಡಾಕ್ಟರು ಬಾಯೊಳಗೆ ಪುಟ್ಟ ಕನ್ನಡಿ ಇಟ್ಟು ನೋಡುತ್ತಲೇ ತಿದ್ದುತ್ತಾರೆ: ‘ಅದು ಸಿಮೆಂಟಲ್ಲಮ್ಮ, ಕಾಂಪೋಸಿಟ್. ಹಲ್ಲಿನ ಬಣ್ಣದ ಫಿಲ್ಲಿಂಗು.’ ಹಲ್ಲು ತೋರಿಸಲು ಬಂದವರು ತಲೆಯಾಡಿಸುತ್ತಾರೆ. ಆದರೆ ಹೊರಗೆ ಬಂದು ಮನೆಗೆ ಫೋನು ಮಾಡುವಾಗ ನಾಲಿಗೆಗೆ ಬರುವುದು ಸಿಮೆಂಟೇ.

ಜನ ಇಷ್ಟು ಗಟ್ಟಿಯಾಗಿ ಹಿಡಿದುಕೊಂಡ ಪದವನ್ನು ತಿಳಿಯದವರ ಮಾತೆಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಾಗದ ಸಂಗತಿ. ಈ ಪದದ ಬೆನ್ನುಹತ್ತಿ ಎರಡು ಸಾವಿರ ವರ್ಷ ಹಿಂದಕ್ಕೆ ಹೋದರೆ, ಡಾಕ್ಟರು ಕಾಂಪೋಸಿಟ್ ಎಂದು ಕರೆಯುವ ವಸ್ತುವಿನ ಹೊಟ್ಟೆಯೊಳಗೆ ಏನಿದೆ ಎಂಬುದೂ ತಿಳಿಯುತ್ತದೆ. ಪದ ಹೊರಟದ್ದು ಕಲ್ಲಿನ ಚಕ್ಕೆಯಿಂದ. ಹಲ್ಲಿನ ಕುಳಿಯಲ್ಲಿ ಇಂದು ಕೂತಿರುವುದೂ ಹೆಚ್ಚಿನ ಪಾಲು ಕಲ್ಲಿನ ಚಕ್ಕೆಯೇ.

ಮೊದಲು ನಮ್ಮ ಅಂಗಳದಿಂದಲೇ ಶುರುಮಾಡೋಣ. ಸಿಮೆಂಟು ಇಂಗ್ಲಿಷಿನಿಂದ ಕನ್ನಡಕ್ಕೆ ಬಂದದ್ದು. ಅದು ಬರುವ ಮೊದಲು ನಮ್ಮ ಕಟ್ಟೋಣಗಳಿಗೆ ಅಂಟು ಇರಲಿಲ್ಲವೆಂದಲ್ಲ. ಗಾರೆ ಇತ್ತು, ಗಚ್ಚು ಇತ್ತು. ಗಚ್ಚು ಪಾರಸಿಯ ‘ಗಚ್’ ಬಳಗದ ಪದ. ಅಲ್ಲಿ ಅದಕ್ಕೆ ಜಿಪ್ಸಮ್ ಎಂಬ ಅರ್ಥ. ಗಾರೆ ಅರೆಯುವುದೇ ಒಂದು ದೊಡ್ಡ ಕೆಲಸವಾಗಿತ್ತು. ನೆಲದಲ್ಲಿ ದುಂಡಗೆ ತೋಡಿದ ಕಾಲುವೆ, ಅದರೊಳಗೆ ಸುಣ್ಣ, ಮರಳು, ನೀರು. ಎತ್ತು ಕಟ್ಟಿದ ಕಲ್ಲಿನ ಚಕ್ರ ಅದರ ಮೇಲೆ ಗಂಟೆಗಟ್ಟಲೆ ಸುತ್ತಬೇಕು. ಸುಟ್ಟ ಇಟ್ಟಿಗೆಯ ಪುಡಿ ಸೇರಿಸಿದರೆ ಅದು ಸುರ್ಕಿ ಗಾರೆ, ನೀರಿನಲ್ಲೂ ಗಟ್ಟಿಯಾಗಿ ನಿಲ್ಲುವಂಥದ್ದು. 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜ ಸಾಗರದ ಕಟ್ಟೆ ಎದ್ದು ನಿಂತದ್ದು ಈ ಸುರ್ಕಿಯ ಬಲದಿಂದ. ಸಿಮೆಂಟು ಆಗ ಬಹುಮಟ್ಟಿಗೆ ಹಡಗಿನಲ್ಲಿ ಬರಬೇಕಾಗಿದ್ದ ದುಬಾರಿ ಸರಕು.

ಆಮೇಲೆ ಭದ್ರಾವತಿಯಲ್ಲಿ, ಶಹಾಬಾದಿನಲ್ಲಿ, ವಾಡಿಯಲ್ಲಿ ಕಾರ್ಖಾನೆಗಳು ಬಂದವು. ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಮಳಖೇಡದ ಸುಣ್ಣಕಲ್ಲೂ ಈಗ ಸಿಮೆಂಟಾಗಿ ಚೀಲ ಸೇರುತ್ತಿದೆ. ಎತ್ತಿನ ಗಾರೆ ಚಕ್ರಗಳು ಮೂಲೆ ಸೇರಿದವು. ಆದರೆ ಗಾರೆ ಎಂಬ ಮಾತು ಹೋಗಲಿಲ್ಲ. ಸುಣ್ಣವನ್ನು ಮುಟ್ಟಿಯೇ ನೋಡದ, ಬೆಳಗಿಂದ ಸಂಜೆಯವರೆಗೆ ಸಿಮೆಂಟನ್ನೇ ಕಲಸುವ ಮೇಸ್ತ್ರಿಯೂ ಇಂದಿಗೂ ‘ಗಾರೆ ಕೆಲಸ’ದವರೇ. ವಸ್ತು ಬದಲಾದಾಗ ಜನ ಹೆಸರನ್ನು ಬದಲಿಸಲೇಬೇಕೆಂದಿಲ್ಲ. ಅದು ಮಾಡುವ ಕೆಲಸ ಅದೇ ಆಗಿದ್ದರೆ ಹಳೆಯ ಹೆಸರೇ ಸಾಕು ಎನ್ನುತ್ತಾರೆ. ಹಲ್ಲಿನ ಸಿಮೆಂಟಿನಲ್ಲೂ ನಡೆದದ್ದು ಇದೇ.

ಇಲ್ಲೊಂದು ಎಚ್ಚರಿಕೆ. ಕೆಲವರ ಬಾಯಲ್ಲಿ ಇದು ‘ಸೀಮೆಂಟು’ ಆಗುತ್ತದೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು ಎಂದು ಹೊರನಾಡಿನಿಂದ ಬಂದುದಕ್ಕೆಲ್ಲ ಸೀಮೆ ಸೇರಿಸುವ ರೂಢಿ ನಮ್ಮಲ್ಲಿ ಇರುವುದರಿಂದ ಸೀಮೆಂಟೂ ಆ ಬಳಗದ್ದೇ ಎನಿಸಬಹುದು. ಅಲ್ಲ. ದನಿಯ ಹೋಲಿಕೆ ಅಷ್ಟೇ. ಇದರ ತವರು ಬೇರೆ.

ತವರು ಲ್ಯಾಟಿನ್. ಅಲ್ಲಿ ‘ಕಾಯ್ದೆರೆ’ ಎಂದರೆ ಕಡಿ, ಕೊಚ್ಚು, ಕೆತ್ತು. ಅದರಿಂದ ಬಂದದ್ದು ‘ಕಾಯ್ಮೆಂತುಮ್’: ಕಡಿದು ತೆಗೆದದ್ದು, ಕಲ್ಲುಗಣಿಯಲ್ಲಿ ಒಡೆದ ಒರಟು ಕಲ್ಲು, ಕಲ್ಲಿನ ಚಕ್ಕೆ. ನಮ್ಮ ಕಡಿ ಎಂಬ ದ್ರಾವಿಡ ಧಾತುವಿಗೂ ಇದಕ್ಕೂ ನಂಟು ಕಟ್ಟುವ ಆಸೆ ಯಾರಿಗಾದರೂ ಬಂದೀತು. ಬೇಡ, ಎರಡೂ ಬೇರೆ ಬೇರೆ ಕುಲ. ಆದರೆ ‘ಕಾಯ್ದೆರೆ’ಯ ಇನ್ನೊಂದು ಮಗು ನಮ್ಮ ಬಾಯೊಳಗೇ ಇದೆ. ಮುಂದಿನ ಬಾಚಿಹಲ್ಲಿಗೆ ಇಂಗ್ಲಿಷಿನಲ್ಲಿ ‘ಇನ್ಸೈಸರ್’ ಎನ್ನುತ್ತಾರಲ್ಲ, ಅದು ಇದೇ ಧಾತುವಿನಿಂದ ಬಂದದ್ದು: ಕತ್ತರಿಸುವ ಹಲ್ಲು. ಕನ್ನಡ ಬಡಗಿಯ ಬಾಚಿಯನ್ನು ನೋಡಿ ಆ ಹಲ್ಲಿಗೆ ಹೆಸರಿಟ್ಟಿತು. ಹೀಗಾಗಿ ಬಾಚಿಹಲ್ಲಿಗೆ ಸಿಮೆಂಟು ಹಾಕುವಾಗ ಒಂದೇ ತಾಯಿಯ ಎರಡು ಮಾತುಗಳು ಎಷ್ಟೋ ಕಾಲದ ಮೇಲೆ ಒಂದೆಡೆ ಸೇರುತ್ತವೆ.

ಕ್ರಿಸ್ತಪೂರ್ವ ಮೊದಲ ಶತಮಾನದ ಕೊನೆಯಲ್ಲಿ ವಾಸ್ತುಶಿಲ್ಪದ ಮೇಲೆ ಹತ್ತು ಭಾಗಗಳ ಪುಸ್ತಕ ಬರೆದ ವಿಟ್ರೂವಿಯಸ್‌ನ ಕಾಲಕ್ಕೆ ಕಾಯ್ಮೆಂತುಮ್ ಎಂದರೆ ಕಲ್ಲೇ, ಅಂಟಲ್ಲ. ಅಂಟು ಸುಣ್ಣದ್ದು. ನೇಪಲ್ಸ್ ಕೊಲ್ಲಿಯ ಸುತ್ತ ಸಿಗುವ ಜ್ವಾಲಾಮುಖಿಯ ಬೂದಿಯನ್ನು ಸುಣ್ಣಕ್ಕೆ ಬೆರೆಸಿದರೆ ಅದು ಕಡಲ ನೀರಿನೊಳಗೂ ಕಲ್ಲಾಗುತ್ತದೆ ಎಂದು ಆತ ಬೆರಗಿನಿಂದ ಬರೆದಿದ್ದಾನೆ. ಆ ಗಾರೆಯಲ್ಲಿ ಕಲ್ಲುಚಕ್ಕೆ ತುಂಬಿ ಕಟ್ಟುವ ಕಟ್ಟೋಣಕ್ಕೆ ‘ಒಪುಸ್ ಕಾಯ್ಮೆಂತಿಕಿಯುಮ್’ ಎಂಬ ಹೆಸರು, ಅಂದರೆ ಚಕ್ಕೆಗಲ್ಲಿನ ಕೆಲಸ. ಇಂದಿನ ಭಾಷೆಯಲ್ಲಿ ಅದು ರೋಮನ್ ಕಾಂಕ್ರೀಟು. ರೋಮಿನ ಪ್ಯಾಂಥಿಯಾನ್ ಗುಮ್ಮಟ ಇದರಿಂದಲೇ ಕಟ್ಟಿದ್ದು. ಒಳಗೆ ಕಬ್ಬಿಣದ ಸರಳಿಲ್ಲದೆ 43 ಮೀಟರಿಗೂ ಮಿಕ್ಕ ಅಗಲಕ್ಕೆ ಚಾಚಿ ಸುಮಾರು ಸಾವಿರದ ಒಂಬೈನೂರು ವರ್ಷದಿಂದ ನಿಂತಿದೆ. ಅದನ್ನು ಕಟ್ಟಿದವರು ಬುಡದಲ್ಲಿ ಭಾರದ ಚಕ್ಕೆ, ಮೇಲೇರಿದಂತೆ ಹಗುರ ಚಕ್ಕೆ, ತುದಿಯಲ್ಲಿ ತೂತುತೂತಾದ ಜ್ವಾಲಾಮುಖಿ ಕಲ್ಲು ಹಾಕಿದರು. ಯಾವ ಜಾಗಕ್ಕೆ ಯಾವ ಚಕ್ಕೆ ಎಂಬ ಆಯ್ಕೆಯಲ್ಲೇ ಅವರ ಜಾಣ್ಮೆಯಿತ್ತು. ಈ ಮಾತು ನೆನಪಿರಲಿ, ಹಲ್ಲಿನ ಡಾಕ್ಟರ ಮೇಜಿನ ಮೇಲೆ ಮತ್ತೆ ಬೇಕಾಗುತ್ತದೆ.

ಅರ್ಥ ಜಾರಲು ಶುರುವಾದದ್ದು ಆಮೇಲೆ. ಕಲ್ಲುಚಕ್ಕೆಯಿಂದ ಸುಣ್ಣಕ್ಕೆ ಬೆರೆಸುವ ಹೆಂಚಿನ ಪುಡಿಗೆ, ಪುಡಿಯಿಂದ ಇಡೀ ಗಾರೆಗೆ ಹೆಸರು ಹಬ್ಬಿತು. ಸಂತ ಜೆರೋಮ್ ಬೈಬಲ್ಲನ್ನು ಲ್ಯಾಟಿನಿಗೆ ತಂದದ್ದು ಕ್ರಿಸ್ತಶಕ 400ರ ಆಸುಪಾಸು. ಬಾಬೆಲ್ ಗೋಪುರದ ಕಥೆಯಲ್ಲಿ ಗಾರೆ ಎನ್ನುವ ಜಾಗಕ್ಕೆ ಆತ ಬಳಸಿದ್ದು ಇದೇ ಪದ. ನಾಲ್ಕು ನೂರು ವರ್ಷಗಳಲ್ಲಿ ಕಲ್ಲು ಅಂಟಾಗಿಬಿಟ್ಟಿತ್ತು. ಮುಂದೆ ಅದು ಹಳೆಯ ಫ್ರೆಂಚಿನಲ್ಲಿ ‘ಸಿಮಾಂ’ ಆಗಿ, ಇಂಗ್ಲಿಷಿಗೆ ಇಳಿದು ಯಾವುದನ್ನು ಯಾವುದಕ್ಕೆ ಕೂಡಿಸುವ ಅಂಟಿಗಾದರೂ ಒಪ್ಪುವ ಮಾತಾಯಿತು. 1750ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ತೆಂಕಣ ಕಡಲಲ್ಲಿ ಎಡ್ಡಿಸ್ಟೋನ್ ದೀಪಸ್ತಂಭ ಕಟ್ಟಿದ ಜಾನ್ ಸ್ಮೀಟನ್, ಜೇಡಿ ಬೆರೆತ ಸುಣ್ಣಕಲ್ಲೇ ನೀರಿಗೆ ಜಗ್ಗದ ಗಾರೆ ಕೊಡುತ್ತದೆಂದು ಕಂಡುಕೊಂಡ. 1824ರಲ್ಲಿ ಲೀಡ್ಸ್ ಊರಿನ ಗಾರೆಯವನು ಜೋಸೆಫ್ ಆಸ್ಪ್‌ಡಿನ್ ತನ್ನ ಪುಡಿಗೆ ಪೇಟೆಂಟ್ ಪಡೆದ. ಗಟ್ಟಿಯಾದ ಮೇಲೆ ಅದು ಪೋರ್ಟ್‌ಲ್ಯಾಂಡಿನ ಕಟ್ಟಡದ ಕಲ್ಲಿನ ಹಾಗೆ ಕಾಣುತ್ತದೆ ಎಂದು ಪೋರ್ಟ್‌ಲ್ಯಾಂಡ್ ಸಿಮೆಂಟು ಎಂದು ಹೆಸರಿಟ್ಟ. ಅಂಟಾದ ಪದ ಮತ್ತೆ ಕಲ್ಲಿನ ಹೆಸರು ಹೊತ್ತುಕೊಂಡದ್ದು ಹೀಗೆ. ನಾವು ಚೀಲದಲ್ಲಿ ತರುವುದು ಅದರ ಸಂತಾನವನ್ನೇ.

ಬಾಯಿಗೆ ಸಿಮೆಂಟು ಬಂದದ್ದು 19ನೇ ಶತಮಾನದ ನಡುವಿನಲ್ಲಿ. ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ ಸತುವಿನ ಬೂದಿಯನ್ನು ಸತುವಿನ ಕ್ಲೋರೈಡಿನ ಜೊತೆ ಕಲಸಿದರೆ ಗಟ್ಟಿಯಾಗುತ್ತದೆಂದು 1855ರಲ್ಲಿ ತಿಳಿಸಿದ. ನೆಲಹಾಸಿನ ಸಿಮೆಂಟಿಗೂ ಇದೇ ಸೊರೆಲ್‌ನ ಹೆಸರಿದೆ. 1870ರ ದಶಕದ ಹೊತ್ತಿಗೆ ಫಾಸ್ಫಾರಿಕ್ ಆಮ್ಲದಲ್ಲಿ ಕಲಸುವ ಸತುವಿನ ಸಿಮೆಂಟು ಬಂತು. ಅದರ ಹಿಂದೆಯೇ ಗಾಜಿನ ಪುಡಿಯನ್ನು ಆಮ್ಲದಲ್ಲಿ ಕಲಸುವ ಸಿಲಿಕೇಟ್ ಸಿಮೆಂಟಿನ ಪ್ರಯತ್ನವೂ ಆಯಿತು.

ಸತುವಿನ ಸಿಮೆಂಟು ಕಲಸುವುದನ್ನು ಹತ್ತಿರದಿಂದ ನೋಡಿದವರಿಗೆ ಜನ ಈ ಹೆಸರನ್ನು ಯಾಕೆ ಬಿಡಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ದಪ್ಪ ಗಾಜಿನ ಹಲಗೆ; ಅದು ತಂಪಾಗಿರಬೇಕು. ಅದರ ಒಂದು ತುದಿಗೆ ಬಿಳಿ ಪುಡಿ, ಇನ್ನೊಂದು ತುದಿಗೆ ಕೆಲವು ಹನಿ ಆಮ್ಲ. ಪುಡಿಯನ್ನು ಸಣ್ಣ ಸಣ್ಣ ಪಾಲು ಮಾಡಿ, ಒಂದೊಂದೇ ಪಾಲನ್ನು ಆಮ್ಲಕ್ಕೆ ಎಳೆದುಕೊಂಡು, ಕಿರಿದಾದ ಲೋಹದ ಪಟ್ಟಿಯಿಂದ ಹಲಗೆಯ ಅಗಲಕ್ಕೂ ಹರಡಿ ತೀಡುತ್ತ ಬರಬೇಕು. ಆಮ್ಲವೂ ಪುಡಿಯೂ ಕೂಡಿದರೆ ಬಿಸಿ ಹುಟ್ಟುತ್ತದೆ. ಬಿಸಿಯಾದರೆ ಬೇಗ ಗಟ್ಟಿಯಾಗಿಬಿಡುತ್ತದೆ. ಅದಕ್ಕೇ ತಂಪು ಗಾಜು, ಅದಕ್ಕೇ ಅಗಲಕ್ಕೆ ತೀಡುವುದು. ಸರಿಯಾದ ಹದಕ್ಕೆ ಬಂದಾಗ ಪಟ್ಟಿಯನ್ನು ಮೇಲೆತ್ತಿದರೆ ಸಣ್ಣ ಎಳೆ ಹಿಡಿದು ಬರುತ್ತದೆ. ಕುರ್ಚಿಯಲ್ಲಿ ಬಾಯಿ ತೆರೆದು ಕೂತವರ ಕಣ್ಣಿಗೆ ಇದೆಲ್ಲ ಕಾಣುತ್ತಿತ್ತು: ಪುಡಿ, ದ್ರವ, ಕಲಸುವುದು, ಮೆತ್ತುವುದು, ಗಟ್ಟಿಯಾಗುವವರೆಗೆ ಕಾಯುವುದು. ಇದನ್ನು ಸಿಮೆಂಟು ಎನ್ನದೆ ಇನ್ನೇನು ಎನ್ನಬೇಕಿತ್ತು? ಡಾಕ್ಟರ ಸೀಸೆಯ ಮೇಲಿದ್ದ ಹೆಸರೂ ಅದೇ. ಪಾದರಸ ಬೆರೆಸಿದ ಬೆಳ್ಳಿಯ ಪುಡಿಯನ್ನು ತುಂಬಿದರೆ ‘ಬೆಳ್ಳಿ ಹಾಕಿಸಿದ್ದು’, ಬಿಳಿಯದನ್ನು ತುಂಬಿದರೆ ‘ಸಿಮೆಂಟು ಹಾಕಿಸಿದ್ದು’ ಎಂದು ಜನ ಎರಡನ್ನೂ ಬೇರೆಯಾಗಿಯೇ ಕಂಡರು.

ಸಿಲಿಕೇಟಿನ ಗತಿ ಚೆನ್ನಾಗಿರಲಿಲ್ಲ. ಬಣ್ಣ ಹಲ್ಲಿಗೆ ಹೊಂದುತ್ತಿದ್ದರೂ ಎಂಜಲಿನಲ್ಲಿ ಮೆಲ್ಲಗೆ ಕರಗುತ್ತಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಜರ್ಮನಿಯಲ್ಲಿ ಹಲ್ಲು ತುಂಬಲು ತಾನಾಗಿ ಗಟ್ಟಿಯಾಗುವ ಅಕ್ರಿಲಿಕ್ ಬಂತು. ನೋಡಲು ಚೆಂದ, ಕರಗುವುದೂ ಇಲ್ಲ. ಆದರೆ ಗಟ್ಟಿಯಾಗುವಾಗ ಕುಗ್ಗಿ ಹಲ್ಲಿನ ಅಂಚಿನಿಂದ ಬಿಟ್ಟುಕೊಳ್ಳುತ್ತಿತ್ತು. ಸಾಲದ್ದಕ್ಕೆ ಬಿಸಿ ಕಾಫಿ ತಾಗಿದರೆ ಹಲ್ಲಿನ ಹೊರಕವಚಕ್ಕಿಂತ ಏಳು ಪಟ್ಟು ಹಿಗ್ಗುತ್ತಿತ್ತು, ತಣ್ಣೀರು ತಾಗಿದರೆ ಅಷ್ಟೇ ಕುಗ್ಗುತ್ತಿತ್ತು. ಪ್ರತಿ ಹಿಗ್ಗಿಗೂ ಕುಗ್ಗಿಗೂ ಸಂದಿಯಲ್ಲಿ ಎಂಜಲು ಒಳಹೊರಗೆ ಆಡಿ ಒಳಗೇ ಮತ್ತೆ ಹುಳುಕು ಹಿಡಿಯುತ್ತಿತ್ತು.

ಇದಕ್ಕೆ ದಾರಿ ಕಂಡವರು ರಾಫೆಲ್ ಬೋವೆನ್. ಅಮೆರಿಕದ ರಾಷ್ಟ್ರೀಯ ಮಾನಕಗಳ ಸಂಸ್ಥೆಯಲ್ಲಿ ಅಲ್ಲಿಯ ದಂತವೈದ್ಯರ ಸಂಘದ ಪರವಾಗಿ ಸಂಶೋಧನೆ ಮಾಡುತ್ತಿದ್ದವರು, ಸ್ವತಃ ದಂತವೈದ್ಯರು. 1956ರ ಸುಮಾರಿಗೆ ಎಪಾಕ್ಸಿ ಎಂಬ ರಾಳವನ್ನು ಹಿಡಿದು ನೋಡಿದರು. ಅದು ಗಟ್ಟಿಯಾಗಲು ತೆಗೆದುಕೊಳ್ಳುವ ಹೊತ್ತು ಬಾಯಿ ತೆರೆದು ಕೂತವರಿಗೆ ಆಗುವಂಥದ್ದಲ್ಲ. ಎಪಾಕ್ಸಿಯ ಗಟ್ಟಿತನ, ಅಕ್ರಿಲಿಕ್ಕಿನ ಚುರುಕು ಎರಡೂ ಕೂಡಿದ ಹೊಸ ಅಣುವನ್ನು ಕಟ್ಟಿದರು. ಅದರ ಹೆಸರು ಬಿಸ್-ಜಿಎಂಎ; ಪೇಟೆಂಟ್ ಸಿಕ್ಕಿದ್ದು 1962ರಲ್ಲಿ. ಅಣು ದೊಡ್ಡದಾದಷ್ಟೂ ಗಟ್ಟಿಯಾಗುವಾಗ ಕುಗ್ಗುವುದು ಕಡಿಮೆ. ಆದರೂ ಬರೀ ರಾಳ ಸಾಲದೆಂದು ಬೋವೆನ್‌ಗೆ ಗೊತ್ತಿತ್ತು. ರಾಳ ಕುಗ್ಗುತ್ತದೆ, ಕಲ್ಲು ಕುಗ್ಗುವುದಿಲ್ಲ. ಹಾಗಾದರೆ ಕಲ್ಲನ್ನೇ ಹೆಚ್ಚು ತುಂಬಬೇಕು, ರಾಳ ಕಲ್ಲುಗಳ ನಡುವಿನ ಸಂದಿಗೆ ಮಾತ್ರ ಇರಬೇಕು. ಬೆಣಚುಕಲ್ಲಿನ ನುಣ್ಣನೆಯ ಪುಡಿಯನ್ನು ಅವರು ರಾಳಕ್ಕೆ ತುಂಬಿದರು.

ವಿಟ್ರೂವಿಯಸ್‌ನ ಕಾಯ್ಮೆಂತುಮ್ ಬಾಯೊಳಗೆ ಬಂದು ಕೂತ ಗಳಿಗೆ ಅದು. ಕಡಿದ ಕಲ್ಲು ಬಹುಪಾಲು, ನಡುವೆ ಕೂಡಿಸುವ ಅಂಟು: ರೋಮನ್ನರ ‘ಚಕ್ಕೆಗಲ್ಲಿನ ಕೆಲಸ’ಕ್ಕೆ ಇದಕ್ಕಿಂತ ಹತ್ತಿರದ ವಸ್ತು ಹಲ್ಲಿನ ವೈದ್ಯದಲ್ಲಿ ಅದಕ್ಕೆ ಮೊದಲು ಇರಲಿಲ್ಲ.

ಇಂದು ಡಾಕ್ಟರು ಸಣ್ಣ ಸಿರಿಂಜಿನಿಂದ ಹಿಂಡುವ ಕಾಂಪೋಸಿಟ್ಟಿನಲ್ಲಿ ತೂಕದ ಲೆಕ್ಕದಲ್ಲಿ ಸಾಮಾನ್ಯವಾಗಿ ನೂರಕ್ಕೆ 70ರಿಂದ 80ರಷ್ಟು ಇಂಥ ಚಕ್ಕೆಯೇ. ಬೆಣಚು ಎಕ್ಸ್‌ರೇಯಲ್ಲಿ ಕಾಣುವುದಿಲ್ಲವಾದ್ದರಿಂದ ಆ ಜಾಗಕ್ಕೆ ಬೇರಿಯಮ್ ಅಥವಾ ಸ್ಟ್ರಾನ್ಷಿಯಮ್ ಬೆರೆಸಿದ ಗಾಜಿನ ಪುಡಿ ಬಂದಿದೆ. ಜೊತೆಗೆ ಸಿಲಿಕಾ, ಜಿರ್ಕೋನಿಯಾ. ಬಿಸ್-ಜಿಎಂಎ ಜೇನುತುಪ್ಪಕ್ಕಿಂತ ಮಂದ. ಅಷ್ಟು ಮಂದವಿದ್ದರೆ ಚಕ್ಕೆ ಹಿಡಿಯುವುದಿಲ್ಲ; ಅದಕ್ಕೇ ಟೆಗ್ಡಿಎಂಎ ಎಂಬ ತೆಳು ದ್ರವವನ್ನು ಸೇರಿಸಿ ಸಡಿಲ ಮಾಡುತ್ತಾರೆ. ಕಲ್ಲಿಗೂ ರಾಳಕ್ಕೂ ಸಹಜವಾಗಿ ಒಗ್ಗುವುದಿಲ್ಲ. ಅವೆರಡರ ನಡುವೆ ಸೈಲೇನ್ ಎಂಬ ಅಣು ಬೇಕು. ಅದರ ಒಂದು ಕೈ ಗಾಜನ್ನು ಹಿಡಿಯುತ್ತದೆ, ಇನ್ನೊಂದು ಕೈ ರಾಳದ ಸರಪಳಿಗೆ ಸೇರುತ್ತದೆ. ಬೋವೆನ್ ತಮ್ಮ ಬೆಣಚಿನ ಪುಡಿಗೂ ಇಂಥದೇ ಲೇಪ ಕೊಟ್ಟಿದ್ದರು. ನನ್ನ ಮಟ್ಟಿಗೆ ಇಡೀ ಮಿಶ್ರಣದ ಜೀವಾಳ ಈ ಲೇಪ. ಅದಿಲ್ಲದಿದ್ದರೆ ಚಕ್ಕೆಗಳು ರಾಳದಲ್ಲಿ ಹುದುಗಿ ಕೂತಿರುತ್ತವೆಯೇ ಹೊರತು ಹಿಡಿದು ನಿಲ್ಲುವುದಿಲ್ಲ. ನಾಲ್ಕು ದಿನ ಅಗಿದರೆ ಒಂದೊಂದಾಗಿ ಕಿತ್ತು ಬರುತ್ತವೆ.

ಮೊದಲ ಕಾಂಪೋಸಿಟ್‌ಗಳ ಚಕ್ಕೆ ಹತ್ತಾರು ಮೈಕ್ರಾನಿನವು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಅಗಿದಂತೆ ಮೇಲಿನ ರಾಳ ಸವೆದು ಚಕ್ಕೆಯ ಮೊನೆಗಳು ಎದ್ದು ನಿಲ್ಲುತ್ತಿದ್ದವು. ನಾಲಿಗೆಗೆ ತರಿತರಿ, ಕಾಫಿಯ ಕಲೆಗೆ ಒಳ್ಳೆಯ ಆಸರೆ. 1970ರ ದಶಕದಲ್ಲಿ ಮೈಕ್ರಾನಿನ ಇಪ್ಪತ್ತೈದನೇ ಒಂದು ಪಾಲಿನಷ್ಟು ಕಿರಿದಾದ ಸಿಲಿಕಾ ಬಂತು. ಹೊಳಪು ಚೆನ್ನಾಯಿತು, ಬಲ ಕುಂದಿತು. ಆಮೇಲೆ ಹೊಳೆದದ್ದು ಕಾಂಕ್ರೀಟು ಹಾಕುವ ಮೇಸ್ತ್ರಿಗೆ ಮೊದಲೇ ಗೊತ್ತಿದ್ದ ಸಂಗತಿ. ದಪ್ಪ ಜಲ್ಲಿ, ಅದರ ಸಂದಿಗೆ ಸಣ್ಣ ಜಲ್ಲಿ, ಅದರ ಸಂದಿಗೆ ಮರಳು ಇದ್ದರೆ ಅಂಟು ಕಡಿಮೆ ಸಾಕು, ಕುಗ್ಗುವುದೂ ಕಡಿಮೆ. ಎರಡು ಮೂರು ಅಳತೆಯ ಚಕ್ಕೆಗಳನ್ನು ಹೀಗೆ ಕೂಡಿಸಿದ ಕಾಂಪೋಸಿಟ್ಟಿಗೆ ‘ಹೈಬ್ರಿಡ್’ ಎನ್ನುತ್ತಾರೆ. ಈಗಿನ ನ್ಯಾನೊ ಹೈಬ್ರಿಡ್ ಅದರದೇ ಮುಂದುವರಿಕೆ. ಪ್ಯಾಂಥಿಯಾನ್ ಕಟ್ಟಿದವರೂ ಇದೇ ಪ್ರಶ್ನೆಯನ್ನು ಕೇಳಿಕೊಂಡವರು: ಎಲ್ಲಿಗೆ ಯಾವ ಚಕ್ಕೆ?

ಇನ್ನು ಗಟ್ಟಿಯಾಗುವ ಬಗೆ. ಇಲ್ಲಿ ನೀರಿಲ್ಲ, ಆಮ್ಲವಿಲ್ಲ, ಹಲಗೆಯ ಮೇಲೆ ಕಲಸುವುದೂ ಇಲ್ಲ. ರಾಳದೊಳಗೆ ಕ್ಯಾಂಫರ್‌ಕ್ವಿನೋನ್ ಎಂಬ ಹಳದಿ ವಸ್ತು ತುಸುವೇ ಇರುತ್ತದೆ. ಹೆಸರಿನಲ್ಲೇ ಇರುವ ಕರ್ಪೂರ ಅದರ ಮೂಲವನ್ನು ಹೇಳುತ್ತದೆ. ಅದು ಸುಮಾರು 468 ನ್ಯಾನೊಮೀಟರಿನ ನೀಲಿ ಬೆಳಕನ್ನು ಹೀರಿಕೊಂಡು, ಜೊತೆಗಿರುವ ಅಮೈನ್ ಎಂಬ ವಸ್ತುವನ್ನು ಕೆರಳಿಸಿ, ಅಣುಗಳು ಒಂದನ್ನೊಂದು ಹಿಡಿದು ಸರಪಳಿಯಾಗುವಂತೆ ಮಾಡುತ್ತದೆ. ಡಾಕ್ಟರು ಕಿತ್ತಳೆ ಬಣ್ಣದ ಫಲಕವನ್ನು ಕಣ್ಣಿಗೆ ಅಡ್ಡ ಹಿಡಿದು ನೀಲಿ ದೀಪ ಹಚ್ಚುವುದು ಇದಕ್ಕೇ. ಬೆಳಕು ಆಳಕ್ಕೆ ಇಳಿಯದು. ಆದ್ದರಿಂದ ಹಳೆಯ ಪದ್ಧತಿಯಲ್ಲಿ ಎರಡು ಮಿಲಿಮೀಟರಿಗಿಂತ ದಪ್ಪ ಪದರ ಹಾಕುವುದಿಲ್ಲ. ಒಂದು ಪದರ ಮೆತ್ತಿ ಬೆಳಕು ತೋರಿಸಿ, ಮತ್ತೊಂದು ಮೆತ್ತಿ ಬೆಳಕು ತೋರಿಸಿ ಮೇಲೇರುತ್ತಾರೆ. ಆತುರದಲ್ಲಿ ಒಂದೇ ಸಲಕ್ಕೆ ತುಂಬಿದರೆ ಮೇಲೆ ಗಟ್ಟಿ, ಅಡಿಯಲ್ಲಿ ಹಸಿ. ಇಷ್ಟೆಲ್ಲ ಮಾಡಿದರೂ ಗಾತ್ರದಲ್ಲಿ ನೂರಕ್ಕೆ ಎರಡು ಮೂರರಷ್ಟು ಕುಗ್ಗುವುದು ತಪ್ಪಿಲ್ಲ.

ಕುಗ್ಗಿದರೂ ಅಂಚು ಬಿಡದಂತೆ ಹಲ್ಲಿಗೆ ಕಚ್ಚಿಸಿದ ಹಿರಿಮೆ ಮೈಕೆಲ್ ಬ್ಯುವೊನೊಕೊರೆ ಅವರದು. ಲೋಹಕ್ಕೆ ಬಣ್ಣ ಹಚ್ಚುವ ಮೊದಲು ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲ ಸವರುವುದನ್ನು ಗಮನಿಸಿ, ಅದನ್ನೇ ಹಲ್ಲಿನ ಹೊರಕವಚಕ್ಕೆ ಮಾಡಿ ನೋಡಿ 1955ರಲ್ಲಿ ಪ್ರಕಟಿಸಿದರು. ಆಮ್ಲ ತಾಗಿದ ಕಡೆ ಕಣ್ಣಿಗೆ ಕಾಣದ ಕುಳಿಗಳೇಳುತ್ತವೆ, ರಾಳ ಅವುಗಳೊಳಗೆ ಇಳಿದು ಬೇರು ಬಿಡುತ್ತದೆ. ಹೊಸ ಗಾರೆ ಹಿಡಿಯಲೆಂದು ಹಳೆಯ ಗೋಡೆಯನ್ನು ಉಳಿಯಿಂದ ಕೊಚ್ಚುವುದೂ ಇದೇ ಕಾರಣಕ್ಕೆ.

ರಾಳ ಎಂದೆನಲ್ಲ, ಆ ಪದವೂ ನಮ್ಮಲ್ಲಿ ಹಳೆಯದು. ಮರದಿಂದ ಒಸರುವ ಅಂಟನ್ನು ಕಟ್ಟಡಕ್ಕೆ ಬಳಸುವ ತಿಳಿವೂ ಹಳೆಯದು. 6ನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೆಂದೇ ಒಂದು ಅಧ್ಯಾಯ ಇಟ್ಟಿದ್ದಾನೆ. ಬೇಲದ ಎಳೆಕಾಯಿ, ಬೂರುಗದ ಹೂ ಮುಂತಾದುವನ್ನು ನೀರಿನಲ್ಲಿ ಎಂಟನೇ ಒಂದು ಪಾಲಿಗೆ ಇಳಿಯುವಂತೆ ಕುದಿಸಿ, ಗುಗ್ಗುಳ, ಸರ್ಜರಸ ಎನ್ನುವ ರಾಳ, ಅಗಸೆ, ಬಿಲ್ವ ಸೇರಿಸಿ ಬಿಸಿಯಾಗಿ ಹಚ್ಚಬೇಕು. ದೇಗುಲ, ಮಾಳಿಗೆ, ವಿಗ್ರಹ, ಬಾವಿಗಳಿಗೆ ಅದು ಆಗುತ್ತದಂತೆ. ಹಲ್ಲಿಗೆ ಎಂದು ಆತ ಹೇಳಿಲ್ಲ. ಆದರೆ ಭೂಮಿಯ ಇನ್ನೊಂದು ಬದಿಯಲ್ಲಿ ಮಾಯಾ ಜನ ಮುಂದಿನ ಹಲ್ಲು ಕೊರೆದು ಹಸಿರು ಜೇಡ್ ಕಲ್ಲು ಕೂರಿಸಿದಾಗ ಅದನ್ನು ಕಚ್ಚಿಸಿದ ಸಿಮೆಂಟಿನಲ್ಲಿ ಮರದ ರಾಳದ ಕುರುಹುಗಳು ಸಿಕ್ಕಿವೆ.

ಹಾಗಾದರೆ ಡಾಕ್ಟರು ತಿದ್ದುವುದು ತಪ್ಪೇ? ಅದೂ ಅಲ್ಲ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಹಲ್ಲಿನ ಸಿಮೆಂಟು ಎಂದರೆ ಪುಡಿಯೂ ಆಮ್ಲವೂ ಕೂಡಿ ಲವಣವಾಗಿ ಗಟ್ಟಿಯಾಗುವಂಥದ್ದು, ಕಾಂಪೋಸಿಟ್ ಹಾಗಲ್ಲ. ಆ ಕುಲದ ಇಂದಿನ ದೊಡ್ಡ ಹೆಸರು ಗ್ಲಾಸ್ ಅಯೊನೊಮರ್. ಲಂಡನ್ನಿನ ಸರ್ಕಾರಿ ರಸಾಯನ ಪ್ರಯೋಗಾಲಯದಲ್ಲಿ ಅಲನ್ ವಿಲ್ಸನ್ ಮತ್ತು ಬ್ರಯನ್ ಕೆಂಟ್ ಹಳೆಯ ಸಿಲಿಕೇಟಿನ ಗಾಜನ್ನು ಉಳಿಸಿಕೊಂಡು, ಫಾಸ್ಫಾರಿಕ್ ಆಮ್ಲದ ಬದಲು ಪಾಲಿಅಕ್ರಿಲಿಕ್ ಆಮ್ಲ ಹಾಕಿ 1970ರ ಆಸುಪಾಸಿನಲ್ಲಿ ಇದನ್ನು ಮಾಡಿದರು. ಇದು ಹಲ್ಲಿನ ಕ್ಯಾಲ್ಸಿಯಮ್ಮನ್ನೇ ಹಿಡಿದು ಅಂಟುತ್ತದೆ, ಫ್ಲೋರೈಡನ್ನು ಮೆಲ್ಲಗೆ ಬಿಡುತ್ತದೆ; ದೀಪ ಬೇಡ, ಕರೆಂಟಿನ ಯಂತ್ರವೂ ಬೇಡ. ಕೈ ಉಪಕರಣದಿಂದ ಹುಳುಕು ಕೆರೆದು ಇದನ್ನು ತುಂಬುವ ಪದ್ಧತಿ ಊರುಶಾಲೆಯ ಮಕ್ಕಳಿಗೂ ಮುಟ್ಟಬಲ್ಲದು. ಆದರೆ ಅಗಿಯುವ ಹಲ್ಲಿನ ಭಾರಕ್ಕೆ ಕಾಂಪೋಸಿಟ್ಟಿನಷ್ಟು ತಾಳುವುದಿಲ್ಲ. ಬಿಳಿಯಾಗಿ ಕಾಣುವ ಎರಡು ‘ಸಿಮೆಂಟು’ಗಳಲ್ಲಿ ಇಷ್ಟು ವ್ಯತ್ಯಾಸವಿದೆ.

ಅದೇ ಡಾಕ್ಟರು ಹಲ್ಲಿಗೆ ಕ್ಯಾಪು ಕೂರಿಸುವಾಗ ‘ರೆಸಿನ್ ಸಿಮೆಂಟ್’ ತೆಗೆಯುತ್ತಾರೆ. ಅದರೊಳಗಿರುವುದು ರಾಳ ಮತ್ತು ಗಾಜಿನ ಪುಡಿ, ಚಕ್ಕೆ ತುಸು ಕಡಿಮೆ ಹಾಕಿ ತೆಳುವಾಗಿಸಿದ ಕಾಂಪೋಸಿಟ್ಟೇ. ವೈದ್ಯರ ಬಾಯಲ್ಲೂ ಕಾಂಪೋಸಿಟ್ಟು ಸಿಮೆಂಟಾಗಿದೆ. ಹಲ್ಲಿನ ಬೇರನ್ನು ಹೊದ್ದು ದವಡೆಗೆ ಕಚ್ಚಿಸುವ, ಮೂಳೆಯಂಥ ಪದರಕ್ಕೂ ಅಂಗರಚನೆಯವರು ಇಟ್ಟ ಹೆಸರು ಸಿಮೆಂಟಮ್. ಬಾಯಿಗೆ ಯಾರೂ ಏನೂ ತುಂಬದಿದ್ದರೂ ಆ ಗಾರೆ ಎಲ್ಲರಿಗೂ ಸಹಜವಾಗಿಯೇ ಉಂಟು.

ಇನ್ನೂ ಒಂದಿದೆ. 1990ರ ದಶಕದಲ್ಲಿ ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದ ಮಹಮೂದ್ ಟೊರಾಬಿನೆಜಾದ್ ಬೇರಿನ ತೂತು ಮುಚ್ಚಲು ಎಂಟಿಎ ಎಂಬ ಪುಡಿಯನ್ನು ತಂದರು. ಅದರ ಮುಕ್ಕಾಲು ಪಾಲು ಶುದ್ಧಿ ಮಾಡಿದ ಪೋರ್ಟ್‌ಲ್ಯಾಂಡ್ ಸಿಮೆಂಟು, ಎಕ್ಸ್‌ರೇಯಲ್ಲಿ ಕಾಣಲೆಂದು ಬಿಸ್ಮತ್ ಆಕ್ಸೈಡು. ಒದ್ದೆ ಜಾಗದಲ್ಲೇ ಗಟ್ಟಿಯಾಗುವ ಗುಣ ಎಡ್ಡಿಸ್ಟೋನಿನ ಗಾರೆಯದೇ. ಕಟ್ಟಡದ ಚೀಲದ ಸಿಮೆಂಟನ್ನು ಯಾರೂ ಬಾಯಿಗೆ ತರಬಾರದು, ಅದರಲ್ಲಿ ವಿಷದ ಲೋಹಗಳ ಅಂಶ ಇರಬಹುದು. ಆದರೆ ರೂಟ್ ಕೆನಾಲ್ ಕುರ್ಚಿಯಲ್ಲಿ ಕೂತು ‘ಸಿಮೆಂಟು ಹಾಕಿದ್ರು’ ಎಂದವರಲ್ಲಿ ಕೆಲವರದು ಅಕ್ಷರಶಃ ನಿಜ.

ಪಾದರಸವಿರುವ ಬೆಳ್ಳಿ ಫಿಲ್ಲಿಂಗು ಹಿಂದೆ ಸರಿಯುತ್ತಿದೆ. ಯೂರೋಪಿಯನ್ ಒಕ್ಕೂಟ 2025ರ ಜನವರಿ 1ರಿಂದ ಅದನ್ನು ಬಹುಮಟ್ಟಿಗೆ ನಿಲ್ಲಿಸಿದೆ. ಬಿಳಿಯ ಫಿಲ್ಲಿಂಗುಗಳ ಕಾಲ ಇದು. ಅವೆಲ್ಲಕ್ಕೂ ನಮ್ಮ ಜನ ಒಂದೇ ಹೆಸರಿಟ್ಟಿದ್ದಾರೆ, ಆ ಹೆಸರು ತಪ್ಪಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಆದ್ದರಿಂದ ಮುಂದಿನ ಸಲ ಹಲ್ಲು ತುಂಬಿಸಿಕೊಳ್ಳುವಾಗ ಸಿಮೆಂಟು ಎನ್ನಲು ಹಿಂಜರಿಯಬೇಡಿ. ಆದರೆ ‘ಯಾವ ಸಿಮೆಂಟು, ಡಾಕ್ಟ್ರೇ?’ ಎಂದು ಒಂದು ಮಾತು ಕೇಳಿ. ಕಾಂಪೋಸಿಟ್ಟೋ, ಗ್ಲಾಸ್ ಅಯೊನೊಮರೋ, ಯಾವ ಹಲ್ಲಿಗೆ, ಯಾವತ್ತು ಎಂದು ಚೀಟಿಯಲ್ಲಿ ಬರೆಸಿ ಇಟ್ಟುಕೊಳ್ಳಿ. ಅದು ಮುಂದೆ ಬಿದ್ದುಹೋದರೆ, ಬೇರೆ ಊರಿನ ಬೇರೆ ಡಾಕ್ಟರಿಗೆ ಮೊದಲು ಬೇಕಾಗುವುದು ಆ ಚೀಟಿಯೇ.